ಗಣಕಯಂತ್ರದೊಳಗೊಂದು ವಾದ್ಯವೃಂದ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಶಾಲಾ ವಾರ್ಷಿಕೋತ್ಸವಗಳಲ್ಲಿ ಈಗ ಸಾಮಾನ್ಯವಾಗಿ ಕಾಣುವ ನೋಟವಿದು: ಹಾಡುವ ಹುಡುಗಿಯ ಪಕ್ಕದಲ್ಲಿ ವಾದಕರಿಲ್ಲ, ಧ್ವನಿವರ್ಧಕದಿಂದ 'ಟ್ರ್ಯಾಕ್' ಕೇಳಿಬರುತ್ತದೆ. ಆ ಟ್ರ್ಯಾಕ್ ಸಿನಿಮಾ ಗಾಯಕಿಯ ಶ್ರುತಿಯಲ್ಲಿರುತ್ತದೆ. ಮೇಲಿನ ಸ್ವರ ಬಂದಾಗ ಮಗುವಿನ ಗಂಟಲು ಬಿಗಿಯುತ್ತದೆ. ಪಾಲಕರು 'ಅಭ್ಯಾಸ ಸಾಲದು' ಎನ್ನುತ್ತಾರೆ. ತಪ್ಪು ಮಗುವಿನದಲ್ಲ, ಶ್ರುತಿಯದು. ಮಗುವಿನ ದನಿಗೆ ಹೊಂದುವ ವಾದ್ಯಮೇಳವನ್ನು ಮನೆಯ ಗಣಕಯಂತ್ರದಲ್ಲೇ ಸಿದ್ಧಪಡಿಸಬಹುದು.

ಸ್ವರಗಳ ಉಗ್ರಾಣ

ಪಿಟೀಲಿನ ಒಂದೊಂದು ಸ್ವರವನ್ನೂ ಮೆಲ್ಲಗೆ, ಜೋರಾಗಿ, ಉದ್ದಕ್ಕೆ, ತುಂಡಾಗಿ ನುಡಿಸಿ ಮುದ್ರಿಸಿಕೊಳ್ಳುತ್ತಾರೆ. ಈ ತುಣುಕೇ 'ಸ್ಯಾಂಪಲ್'. ಅವುಗಳ ಉಗ್ರಾಣವೇ 'ಸ್ಯಾಂಪಲ್ ಲೈಬ್ರರಿ'. ಕಲ್ಪನೆ ಹಳೆಯದು. 1963ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಮೆಲೊಟ್ರಾನ್ ವಾದ್ಯದ ಪ್ರತಿ ಕೀಲಿಗೂ ಒಂದು ಟೇಪಿನ ತುಂಡಿತ್ತು. ಅದು ಸುಮಾರು 8 ಸೆಕೆಂಡು ನುಡಿಯುತ್ತಿತ್ತು.

ವಿದ್ಯಾರ್ಥಿಗಳೇ, ಒಂದು ಲೆಕ್ಕ ಮಾಡಿ. 40 ಸ್ವರ, 4 ಬಗೆಯ ಜೋರು, 5 ಬಗೆಯ ಕಮಾನು, ಪ್ರತಿಯೊಂದನ್ನೂ 2 ಸಲ ನುಡಿಸಿದರೆ ಒಂದೇ ಪಿಟೀಲಿಗೆ 1600 ತುಣುಕುಗಳು!

ಗಣಕಯಂತ್ರದಲ್ಲಿ ನಾವು ಬರೆದಿಡುವುದು ಧ್ವನಿಯನ್ನಲ್ಲ. ಯಾವ ಸ್ವರ, ಯಾವಾಗ, ಎಷ್ಟು ಜೋರು ಎಂಬ ಸೂಚನೆಗಳನ್ನು. 1983ರಲ್ಲಿ ಬಂದ ಈ ಪದ್ಧತಿಗೆ 'ಮಿಡಿ' ಎಂದು ಹೆಸರು. ಸೂಚನೆಗಳನ್ನು ಎರಡು ಮನೆ ಕೆಳಗಿಳಿಸಿದರೆ ಸಾಕು, ಲಯ ಕೆಡದೆ ಇಡೀ ಮೇಳ ಮಗುವಿನ ಶ್ರುತಿಗೆ ಇಳಿಯುತ್ತದೆ.

ನಿಜವೆನಿಸುವುದು ಹೇಗೆ?

ಯಂತ್ರಕ್ಕೆ ದಣಿವಿಲ್ಲ, ಉಸಿರಿಲ್ಲ. ಆದ್ದರಿಂದಲೇ ಅದು ಕೃತಕವೆನಿಸುತ್ತದೆ. ಕೊಳಲಿನ ಸಾಲಿನಲ್ಲಿ ಉಸಿರೆಳೆಯಲು ಜಾಗ ಬಿಡಿ. ಪಾಶ್ಚಾತ್ಯ ಪಿಟೀಲಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ 196 ಸಲ ಕಂಪಿಸುತ್ತದೆ. ಅದಕ್ಕಿಂತ ಕೆಳಗಿನ ಸ್ವರವನ್ನು ಪಿಟೀಲಿಗೆ ಕೊಡಬೇಡಿ. ಉದ್ದ ಸ್ವರ ಒಂದೇ ಮಟ್ಟದಲ್ಲಿ ನಿಲ್ಲದೆ ತುಸು ಏರಲಿ, ಇಳಿಯಲಿ.

ಎಲ್ಲ ವಾದ್ಯಗಳೂ ಒಂದೇ ಕ್ಷಣಕ್ಕೆ ನುಡಿಯುವುದೂ ಸಲ್ಲದು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. 10 ಮೀಟರ್ ಹಿಂದೆ ಕುಳಿತವನ ದನಿ ನಮ್ಮನ್ನು ಮುಟ್ಟುವುದು ಸೆಕೆಂಡಿನ 34ರಲ್ಲಿ ಒಂದು ಪಾಲು ತಡವಾಗಿ. ಅಷ್ಟೇ ಹಿಂದುಮುಂದು ಮಾಡಿ. ಕೊನೆಗೆ ಎಲ್ಲ ವಾದ್ಯಗಳಿಗೂ ಒಂದೇ ಸಭಾಂಗಣದ ಮಾರ್ದನಿ ಸೇರಿಸಿ. ಒಂದು ವಾದ್ಯ ಕೋಣೆಯಲ್ಲಿ, ಇನ್ನೊಂದು ಗುಡಿಯಲ್ಲಿ ನುಡಿದಂತೆ ಕೇಳಬಾರದು.

ಇಲ್ಲಿಗೆ ಯಂತ್ರದ ಮಿತಿ

ಸ್ವರದಿಂದ ಸ್ವರಕ್ಕೆ ಜಾರುವ ನಮ್ಮ ಗಮಕ, ಮೀಂಡ್‌ಗಳು ಈ ಬಿಡಿ ತುಣುಕುಗಳಿಗೆ ಸುಲಭವಾಗಿ ಒಗ್ಗುವುದಿಲ್ಲ. ಅವನ್ನು ಮಗುವಿನ ಕಂಠಕ್ಕೇ ಬಿಡಿ. ತಬಲಾ ನುಡಿಸುವವರು ಊರಿನಲ್ಲಿದ್ದರೆ ಅವರನ್ನೇ ಕರೆದು ಮುದ್ರಿಸಿಕೊಳ್ಳಿ.

ಪಾಲಕರಲ್ಲಿ ಒಂದು ಮಾತು. ಹಾಡುವಾಗ ಮಗು ಒಂದು ಸಾಲು ಮರೆತರೆ ಟ್ರ್ಯಾಕ್ ತನ್ನ ಪಾಡಿಗೆ ಮುಂದೆ ಓಡುತ್ತದೆ. ಪೇಟಿ ಮಾಸ್ತರರು ಅದೇ ಸ್ವರ ಹಿಡಿದು ಕಾಯುತ್ತಾರೆ. ಸ್ಪರ್ಧೆಗೆ ಟ್ರ್ಯಾಕ್ ಇರಲಿ. ಕಲಿಕೆ ಮಾತ್ರ ಮಾಸ್ತರರ ಎದುರಿಗೇ ನಡೆಯಲಿ.