ಬ್ಯಾಟರಿಯಿಲ್ಲದ ಕಾರ್ಡು, ನಿಲ್ಲದ ನಡಿಗೆ

ಟೋಕಿಯೊದ ಹನೇಡಾ ವಿಮಾನ ನಿಲ್ದಾಣದಲ್ಲಿ ಇಳಿದವರಿಗೆ ಊರೊಳಗೆ ಹೋಗಲು ಎರಡು ರೈಲು ದಾರಿಗಳಿವೆ. ಒಂದು, 1964ರ ಒಲಿಂಪಿಕ್ಸ್‌ಗೆ ಕೆಲವೇ ವಾರ ಮುಂಚೆ ಶುರುವಾದ ಮೊನೊರೈಲು. ಅದು ಕೊಲ್ಲಿಯ ಅಂಚು ಹಿಡಿದು ಹಮಮತ್ಸುಚೊ ನಿಲ್ದಾಣಕ್ಕೆ ಬರುತ್ತದೆ. ಇನ್ನೊಂದು, ಶಿನಗಾವಾ ಕಡೆಗೆ ಓಡುವ ಕೇಕ್ಯು ರೈಲು. ಎರಡನ್ನೂ ನಡೆಸುವವರು ಬೇರೆ ಬೇರೆ. ಊರೊಳಗೆ ಬಂದರೆ ಜೆಆರ್ ಈಸ್ಟ್ ರೈಲುಗಳು, ಟೋಕಿಯೊ ಮೆಟ್ರೊ, ನಗರಾಡಳಿತದ ಸುರಂಗ ರೈಲು, ಹಲವು ಖಾಸಗಿ ಮಾರ್ಗಗಳು, ಬಸ್ಸುಗಳು. ಒಬ್ಬೊಬ್ಬರದೂ ಒಂದೊಂದು ದರಪಟ್ಟಿ. ಇವನ್ನೆಲ್ಲ ಓದಿ ಅರ್ಥ ಮಾಡಿಕೊಂಡೇ ಟಿಕೆಟ್ ಕೊಳ್ಳಬೇಕಾಗಿದ್ದರೆ ಜಪಾನಿ ಭಾಷೆ ಬಾರದವರ ಮೊದಲ ದಿನ ನಿಲ್ದಾಣದಲ್ಲೇ ಮುಗಿದುಹೋಗುತ್ತಿತ್ತು.

ಹಾಗಾಗುವುದಿಲ್ಲ. ಬಂದವರು ‘ಸುಯಿಕಾ’ ಅಥವಾ ‘ಪಾಸ್ಮೊ’ ಎಂಬ ಕಾರ್ಡು ಕೊಂಡು, ಹಣ ತುಂಬಿಸಿ, ಗೇಟಿಗೆ ಮುಟ್ಟಿಸಿ ಒಳಗೆ ನಡೆದುಬಿಡುತ್ತಾರೆ. ಇಳಿಯುವಲ್ಲಿ ಮತ್ತೊಮ್ಮೆ ಮುಟ್ಟಿಸಿದರೆ ಆಯಿತು. ಸುಯಿಕಾವನ್ನು ಜೆಆರ್ ಈಸ್ಟ್ ಕಂಪನಿ 2001ರ ನವೆಂಬರ್‌ನಲ್ಲಿ ಬಳಕೆಗೆ ತಂದಿತು. ಗೇಟಿನ ಕೆಲಸ 0.2 ಸೆಕೆಂಡಿನೊಳಗೆ ಮುಗಿಯಲೇಬೇಕು ಎಂಬುದು ಆಗ ಹಾಕಿಕೊಂಡ ಷರತ್ತು. ಅದಕ್ಕೆ ಕಾರಣವಿತ್ತು. ಜಗತ್ತಿನ ಅತಿ ದಟ್ಟಣೆಯ ನಿಲ್ದಾಣವೆಂದು ಗಿನ್ನೆಸ್ ದಾಖಲೆಗೆ ಸೇರಿದ ಶಿಂಜುಕು ಇರುವುದು ಇದೇ ಊರಿನಲ್ಲಿ. ಬೆಳಗಿನ ಹೊತ್ತು ಒಂದೊಂದು ಗೇಟಿನಲ್ಲೂ ನಿಮಿಷಕ್ಕೆ 60 ಜನ ದಾಟಬೇಕು. ಒಬ್ಬರು ಅರೆಕ್ಷಣ ತಡೆದು ನಿಂತರೂ ಹಿಂದಿನ ಸಾಲು ಮೆಟ್ಟಿಲವರೆಗೂ ಬೆಳೆಯುತ್ತದೆ.

ಈ ಕಾರ್ಡಿನಲ್ಲಿ ಬ್ಯಾಟರಿ ಇಲ್ಲ. ಪ್ಲಾಸ್ಟಿಕ್ ಪದರಗಳ ನಡುವೆ ಒಂದು ಚಿಪ್, ಅದಕ್ಕೆ ಅಂಟಿಕೊಂಡಂತೆ ಕೆಲವು ಸುತ್ತಿನ ಲೋಹದ ಸುರುಳಿ, ಇಷ್ಟೇ. ಗೇಟಿನ ತಲೆಯೊಳಗೂ ಒಂದು ಸುರುಳಿಯಿದೆ. ಅದರಲ್ಲಿ ಹರಿಯುವ ವಿದ್ಯುತ್ತು ಸೆಕೆಂಡಿಗೆ 1 ಕೋಟಿ 35 ಲಕ್ಷ 60 ಸಾವಿರ ಸಲ ಹಿಂದಕ್ಕೂ ಮುಂದಕ್ಕೂ ತುಯ್ಯುತ್ತ ಸುತ್ತಲೂ ಸದಾ ಬದಲಾಗುವ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ಬದಲಾಗುವ ಕಾಂತಕ್ಷೇತ್ರದಲ್ಲಿ ತಂತಿಯಿಟ್ಟರೆ ಅದರಲ್ಲಿ ವಿದ್ಯುತ್ತು ಹರಿಯುತ್ತದೆಂದು ಮೈಕೆಲ್ ಫ್ಯಾರಡೆ 1831ರಲ್ಲೇ ತೋರಿಸಿದ್ದ. ಕಾರ್ಡು ಹತ್ತಿರ ಬಂದೊಡನೆ ಅದರ ಸುರುಳಿಯಲ್ಲಿ ಹುಟ್ಟುವ ಅಲ್ಪ ವಿದ್ಯುತ್ತೇ ಚಿಪ್ಪನ್ನು ಎಬ್ಬಿಸುತ್ತದೆ. ಗೇಟಿನಿಂದ ದೂರ ಸರಿದರೆ ಅದು ಮತ್ತೆ ನಿರ್ಜೀವ.

ಸ್ವಂತ ಶಕ್ತಿಯೇ ಇಲ್ಲದ ಚಿಪ್ಪು ಗೇಟಿಗೆ ಉತ್ತರ ಕೊಡುವುದು ಹೇಗೆ? ಮನೆಯಲ್ಲಿ ರುಬ್ಬುವ ಯಂತ್ರ ಹಾಕಿದ ಕ್ಷಣ ಬಲ್ಬು ಮಂಕಾಗುವುದನ್ನು ನೋಡಿದ್ದೀರಿ. ಅಡುಗೆಮನೆಗೆ ಹೋಗದೆಯೇ ಬಲ್ಬು ನೋಡಿ ಯಂತ್ರ ಯಾವಾಗ ಶುರುವಾಯಿತು, ಯಾವಾಗ ನಿಂತಿತು ಎಂದು ಹೇಳಬಹುದು. ಚಿಪ್ಪು ಮಾಡುವುದೂ ಇದನ್ನೇ. ಗೇಟಿನಿಂದ ತಾನು ಎಳೆಯುವ ಶಕ್ತಿಯನ್ನು ಹೆಚ್ಚುಕಡಿಮೆ ಮಾಡುತ್ತ ಹೋಗುತ್ತದೆ. ಆ ಏರಿಳಿತ ಗೇಟಿನ ಸುರುಳಿಯಲ್ಲಿ ಕಾಣಿಸಿಕೊಳ್ಳುತ್ತದೆ, ಗೇಟು ಅದನ್ನು ಸೊನ್ನೆ, ಒಂದುಗಳಾಗಿ ಓದಿಕೊಳ್ಳುತ್ತದೆ. ಸೆಕೆಂಡಿಗೆ ಎರಡು ಲಕ್ಷಕ್ಕೂ ಹೆಚ್ಚು ಬಿಟ್‌ಗಳು ಹೀಗೆ ಓಡಾಡುತ್ತವೆ.

ಇಬ್ಬರೂ ಮೊದಲು ಪರಸ್ಪರರನ್ನು ಪರೀಕ್ಷಿಸುತ್ತಾರೆ. ಕಾರ್ಡು ಅಸಲಿಯೇ ಎಂದು ಗೇಟು, ಗೇಟು ಅಸಲಿಯೇ ಎಂದು ಕಾರ್ಡು. ಆಮೇಲೆ ಗುಪ್ತಲಿಪಿಯಲ್ಲಿ ವ್ಯವಹಾರ. ಹತ್ತುವಾಗ ನಿಲ್ದಾಣದ ಗುರುತು ಕಾರ್ಡಿನಲ್ಲಿ ದಾಖಲಾಗುತ್ತದೆ. ಇಳಿಯುವಾಗ ಗೇಟು ಅದನ್ನು ಓದಿ, ದರ ಕಳೆದು, ಉಳಿದ ಹಣವನ್ನು ಕಾರ್ಡಿನ ಮೇಲೇ ಬರೆಯುತ್ತದೆ. ದೂರದ ಸರ್ವರ್ ಅನ್ನು ಕೇಳಿ, ಉತ್ತರಕ್ಕೆ ಕಾಯುವಷ್ಟು ವ್ಯವಧಾನ 0.2 ಸೆಕೆಂಡಿನಲ್ಲಿ ಅಂದು ಇರಲಿಲ್ಲ. ಅದಕ್ಕಾಗಿ ಹಣದ ಲೆಕ್ಕವನ್ನು ಕಾರ್ಡಿನಲ್ಲೂ ದರಪಟ್ಟಿಯನ್ನು ಗೇಟಿನಲ್ಲೂ ಇಟ್ಟರು. ಕೇಂದ್ರಕ್ಕೆ ವರದಿ ಆಮೇಲೆ ಹೋಗುತ್ತಿತ್ತು. ನಡುವೆ ಸಂಪರ್ಕ ಕಡಿದುಹೋದರೂ ಗೇಟು ಕೆಲಸ ನಿಲ್ಲಿಸುತ್ತಿರಲಿಲ್ಲ. ಈಗ ಸಂಪರ್ಕದ ವೇಗ ಹೆಚ್ಚಿರುವುದರಿಂದ ಜೆಆರ್ ಈಸ್ಟ್ 2023ರಿಂದ ದರದ ಲೆಕ್ಕಾಚಾರವನ್ನು ಹಂತಹಂತವಾಗಿ ಕೇಂದ್ರದ ಸರ್ವರ್‌ಗೆ ಒಯ್ಯತೊಡಗಿದೆ.

ಅವಸರದಲ್ಲಿರುವವರು ಬರೆಯುವ ಕೆಲಸ ಮುಗಿಯುವ ಮೊದಲೇ ಕಾರ್ಡು ಎಳೆದುಕೊಂಡರೆ? ಚಿಪ್ಪಿನ ವಿದ್ಯುತ್ತು ಅರ್ಧದಲ್ಲೇ ಹೋಗುತ್ತದೆ. ಹಣ ಕಳೆದು ಪ್ರಯಾಣ ದಾಖಲಾಗದೆ ಉಳಿಯುವ ಅಪಾಯ ಆಗ ಇದ್ದೇ ಇದೆ. ಸುಯಿಕಾದಲ್ಲಿರುವ ಸೋನಿ ಕಂಪನಿಯ ‘ಫೆಲಿಕಾ’ ತಂತ್ರಜ್ಞಾನ ಇದನ್ನು ಮೊದಲೇ ಯೋಚಿಸಿದೆ. ಬರೆಯಬೇಕಾದ್ದು ಪೂರ್ತಿಯಾಗಿ ಬರೆದಾಗಲಷ್ಟೇ ಹೊಸ ಲೆಕ್ಕ ಜಾರಿಗೆ ಬರುತ್ತದೆ. ಇಲ್ಲವಾದರೆ ಹಳೆಯ ಲೆಕ್ಕ ಇದ್ದ ಹಾಗೆಯೇ ಉಳಿಯುತ್ತದೆ. ಅರೆಬರೆ ಸ್ಥಿತಿ ಎಂಬುದೇ ಇಲ್ಲ.

ಇಷ್ಟೆಲ್ಲ ಆದಮೇಲೂ ಒಂದು ತೊಡಕು ಉಳಿದಿತ್ತು, ಅದು ಮನುಷ್ಯರ ಕೈಯದು. 1990ರ ದಶಕದಲ್ಲಿ ಗೇಟಿನ ಮಾದರಿಗಳ ಮುಂದೆ ಜನರನ್ನು ನಡೆಸಿ ನೋಡಿದಾಗ ಅನೇಕರಿಗೆ ಕಾರ್ಡನ್ನು ಎಲ್ಲಿ ಹಿಡಿಯಬೇಕೆಂದೇ ತಿಳಿಯಲಿಲ್ಲ. ದೂರದಿಂದ ಬೀಸಿದವರಿದ್ದರು, ನೆಟ್ಟಗೆ ನಿಲ್ಲಿಸಿ ಹಿಡಿದವರಿದ್ದರು. ವಿನ್ಯಾಸಕಾರ ಶುಂಜಿ ಯಮನಾಕ ಬೇರೆ ಬೇರೆ ಆಕಾರಗಳನ್ನು ಮಾಡಿ, ಜನರ ಕೈ ಹೋಗುವ ಬಗೆಯನ್ನು ಗಮನಿಸಿದರು. ಕೊನೆಗೆ ನಿಂತದ್ದು ಬೆಳಕಿನಿಂದ ಗುರುತು ಮಾಡಿದ, ನಡೆದು ಬರುವವರ ಕಡೆಗೆ 13.5 ಡಿಗ್ರಿ ಬಾಗಿದ ಫಲಕ. ಬಾಗಿದ ಮೇಲ್ಮೈ ಎದುರಾದರೆ ಕೈ ತಾನಾಗಿಯೇ ಕಾರ್ಡನ್ನು ಅದಕ್ಕೆ ಒತ್ತುತ್ತದೆ. ನಿಜವಾಗಿ ಮುಟ್ಟಿಸುವ ಅಗತ್ಯವಿಲ್ಲ, ಕೆಲವು ಸೆಂಟಿಮೀಟರ್ ದೂರದಿಂದಲೂ ಓದಲು ಬರುತ್ತದೆ. ಆದರೂ ‘ಮುಟ್ಟಿಸಿ’ ಎಂದೇ ಹೇಳಿಕೊಟ್ಟರು. ಮುಟ್ಟಿಸಿದ ಕೈ ಬೀಸಿದ ಕೈಗಿಂತ ತುಸು ಹೆಚ್ಚು ಹೊತ್ತು ಕಾಂತಕ್ಷೇತ್ರದೊಳಗೆ ಇರುತ್ತದೆ, ಚಿಪ್ಪಿಗೆ ಬೇಕಾದ ಸಮಯ ಸಿಗುತ್ತದೆ.

ಗೇಟಿನ ಬಾಗಿಲುಗಳೂ ಇದೇ ಯೋಚನೆಯವು. ಅವು ಸಾಮಾನ್ಯವಾಗಿ ತೆರೆದೇ ಇರುತ್ತವೆ, ತಪ್ಪು ಕಂಡರೆ ಮಾತ್ರ ಮುಚ್ಚಿಕೊಳ್ಳುತ್ತವೆ. ಸರಿಯಾಗಿ ಹಣ ಕೊಡುವವರೇ ಹೆಚ್ಚಿರುವಾಗ ಪ್ರತಿಯೊಬ್ಬರಿಗೂ ಬಾಗಿಲು ತೆರೆದು ಮುಚ್ಚುವುದು ಸಮಯದ ನಷ್ಟ. ಮಕ್ಕಳ ಕಾರ್ಡಿಗೆ ಹಕ್ಕಿಮರಿಯ ಚಿಲಿಪಿಲಿ ಸದ್ದು ಬರುತ್ತದೆ. ದೊಡ್ಡವರು ಅರ್ಧ ದರದಲ್ಲಿ ನುಸುಳಿದರೆ ಸಿಬ್ಬಂದಿಗೆ ಕಿವಿಯಲ್ಲೇ ಗೊತ್ತಾಗುತ್ತದೆ, ಯಾರನ್ನೂ ತಡೆದು ನಿಲ್ಲಿಸಬೇಕಿಲ್ಲ.

ಫೆಲಿಕಾ ದೊಡ್ಡ ಪ್ರಮಾಣದಲ್ಲಿ ಮೊದಲು ಬಳಕೆಗೆ ಬಂದದ್ದು ಜಪಾನಿನಲ್ಲಲ್ಲ, ಹಾಂಗ್‌ಕಾಂಗ್‌ನಲ್ಲಿ. ಅಲ್ಲಿನ ‘ಆಕ್ಟೋಪಸ್’ ಕಾರ್ಡು 1997ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. ಜಪಾನಿನಲ್ಲಿ 2013ರ ಮಾರ್ಚ್‌ನಿಂದ ಹತ್ತು ಕಾರ್ಡುಗಳು ಪರಸ್ಪರರ ಊರಲ್ಲಿ ನಡೆಯುತ್ತಿವೆ. ಸಪ್ಪೊರೊದಲ್ಲಿ ಕೊಂಡದ್ದು ಫುಕುವೊಕದಲ್ಲೂ ಸಲ್ಲುತ್ತದೆ. ಆದರೆ ಟೋಕಿಯೊದಲ್ಲಿ ಹತ್ತಿ ಒಸಾಕಾದಲ್ಲಿ ಇಳಿಯಲು ಈ ಕಾರ್ಡೊಂದೇ ಸಾಲದು. ಒಂದು ವಲಯದೊಳಗಿನ ಪ್ರಯಾಣಕ್ಕೆ ಮಾತ್ರ ಅದು ಒಪ್ಪುತ್ತದೆ. ಹೋಗುವವರು ಗಮನಿಸಬೇಕಾದ್ದು ಇನ್ನೆರಡು. ಪರ್ಸಿನಲ್ಲಿ ಇಂಥ ಎರಡು ಕಾರ್ಡು ಒಟ್ಟಿಗಿದ್ದರೆ ಎರಡೂ ಎಚ್ಚರಗೊಂಡು ಗೇಟು ಗೊಂದಲಕ್ಕೆ ಬೀಳುತ್ತದೆ, ಬೇಕಾದ್ದನ್ನು ಹೊರಗೆ ತೆಗೆದು ಹಿಡಿಯಿರಿ. ಹಣ ಸಾಲದೆ ಬಾಗಿಲು ಮುಚ್ಚಿಕೊಂಡರೆ ಗಾಬರಿಯಾಗದೆ ಹಿಂದೆ ಸರಿಯಿರಿ, ಕೊರತೆಯನ್ನು ತುಂಬುವ ಯಂತ್ರ ಒಳಗೇ ಇರುತ್ತದೆ. ಅದಕ್ಕೆ ಯೆನ್ ನೋಟು ಜೇಬಿನಲ್ಲಿರಲಿ.

ನಮ್ಮ ಮೆಟ್ರೊದ ಟೋಕನ್ನಿನೊಳಗೂ ಇಂಥ ಸುರುಳಿ, ಚಿಪ್ಪು ಇವೆ. 2019ರಲ್ಲಿ ಬಂದ ರಾಷ್ಟ್ರೀಯ ಸಾಮಾನ್ಯ ಸಂಚಾರ ಕಾರ್ಡು ಕೂಡ ಸಂಪರ್ಕವಿಲ್ಲದೆಯೇ ಕೆಲಸ ಮಾಡಲೆಂದು ಒಂದಿಷ್ಟು ಹಣವನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ವಿಜ್ಞಾನ ಎಲ್ಲ ಕಡೆಯೂ ಒಂದೇ. ಟೋಕಿಯೊದಿಂದ ಕಲಿಯಬೇಕಾದ್ದು ಬೇರೆಯಿದೆ. ಅಲ್ಲಿ ನಡೆದು ಬರುವ ಮನುಷ್ಯನ ವೇಗವನ್ನು ಮೊದಲು ಅಳೆದು, ಯಂತ್ರವನ್ನು ಅದಕ್ಕೆ ಹೊಂದಿಸಿದರು. ಊರಿಗೆ ಹೊಸಬರು, ಓದುಬಾರದವರು, ಮಗುವನ್ನು ಎತ್ತಿಕೊಂಡವರು ಯಾರನ್ನೂ ಕೇಳದೆ ದಾಟಿದರೆ ಮಾತ್ರ ಒಂದು ಗೇಟು ಚೆನ್ನಾಗಿದೆ ಎನ್ನಬೇಕು. ಬಸ್ಸು, ಮೆಟ್ರೊ, ರೈಲುಗಳನ್ನು ಒಂದೇ ಕಾರ್ಡಿನಡಿ ತರಹೊರಟಿರುವ ನಮ್ಮ ನಗರಗಳು ಯಂತ್ರಗಳಿಗೆ ಟೆಂಡರ್ ಕರೆಯುವ ಮೊದಲು ಇಂಥವರನ್ನು ಮಾದರಿ ಗೇಟಿನ ಮುಂದೆ ನಡೆಸಿ ನೋಡಲಿ. ಅವರು ಎಡವುವ ಜಾಗದಿಂದಲೇ ವಿನ್ಯಾಸ ಶುರುವಾಗಲಿ.