ಅಜ್ಜಿಗೆ ಅರ್ಧ ಗುಂಡಿ, ಪೂರ್ತಿ ಕೂಲಿ

2025ರ ಬೇಸಿಗೆ ರಜೆಗೆ ಕೊಳಗಲ್ಲಿಗೆ ಹೋಗಿದ್ದೆ. ಬಳ್ಳಾರಿ ಪಕ್ಕದ ಊರು, ನಮ್ಮಜ್ಜಿ ಇರೋದು ಅಲ್ಲೇ. ಪ್ರತಿ ಬೇಸಿಗೆ ಬೆಳಿಗ್ಗೆನೇ ಬುತ್ತಿ ಕಟ್ಕೊಂಡು ಖಾತ್ರಿ ಕೆಲಸಕ್ಕೆ ಹೋಗ್ತಿದ್ದ ಅಜ್ಜಿ ಈ ಸಲ ಮನೇಲೇ ಕೂತಿದ್ರು. ಯಾಕೆ ಅಂತ ಕೇಳಿದೆ.

"ನಾನು ಹೋದ್ರೆ ಅವ್ರ ಕೂಲಿ ಕಡಿಮಿ ಆಗ್ತದಂತವ್ವಾ. ಗುಂಪಿನೋರು ಬ್ಯಾಡ ಅಂದ್ರು."

ಅಜ್ಜಿಗೆ 66 ವರ್ಷ. ಗುಂಪಿನವರು ಕೆಟ್ಟವರಲ್ಲ, ಅಕ್ಕಪಕ್ಕದ ಮನೆಯವರೇ. ಹಾಗಾದ್ರೆ ತಪ್ಪು ಎಲ್ಲಿದೆ? ಹುಡುಕ್ತಾ ಹೋದಾಗ ನನಗೆ ಸಿಕ್ಕಿದ್ದು ನಮ್ಮ ಸಿಲಬಸ್ಸಿಗೂ ಹತ್ತಿರ ಇರೋ ಒಂದು ಲೆಕ್ಕ. ಅದನ್ನೇ ಇಲ್ಲಿ ಬರೀತಿದ್ದೀನಿ. ನಾನು ಇಂಗ್ಲಿಷ್ ಮೀಡಿಯಂನವಳು, ಕಾಗುಣಿತ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಖಾತ್ರಿ ಅಂದ್ರೇನು?

ನರೇಗಾ ಅಂತ ಪೇಪರಲ್ಲಿ ಓದ್ತೀವಲ್ಲ, ಅದನ್ನೇ ಊರಲ್ಲಿ ಖಾತ್ರಿ ಅಂತಾರೆ. ಕಾಯ್ದೆ ಆಗಿದ್ದು 2005ರಲ್ಲಿ. 2025ರಲ್ಲಿ ಇದ್ದ ನಿಯಮದ ಪ್ರಕಾರ ಹಳ್ಳಿಯ ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನ ಕೂಲಿ ಕೆಲಸ ಕೊಡಬೇಕಿತ್ತು. ಕರ್ನಾಟಕದಲ್ಲಿ 2025-26ರ ಕೂಲಿ ದಿನಕ್ಕೆ 370 ರೂಪಾಯಿ, ಗಂಡಸರಿಗೂ ಹೆಂಗಸರಿಗೂ ಒಂದೇ. ಕೆಲಸ ಕೇಳೋಕೆ 18 ವರ್ಷ ಆಗಿರಬೇಕು. ಮೇಲಿನ ವಯಸ್ಸಿಗೆ ಮಿತಿ ಇಲ್ಲ. ಅಂದ್ರೆ ದುಡಿಯೋ ಮನಸ್ಸಿದ್ರೆ 66 ಆದರೂ ಸರಿ, 76 ಆದರೂ ಸರಿ.

65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಬರುತ್ತಲ್ಲ ಅನ್ನಬಹುದು. ಬರುತ್ತೆ, ತಿಂಗಳಿಗೆ 1,200 ರೂಪಾಯಿ. ಖಾತ್ರಿಯ ಮೂರು ದಿನದ ಕೂಲಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಮಾತ್ರೆಗೆ ಒಂದಿಷ್ಟು ಹೋದ್ರೆ ಉಳಿಯೋದೆಷ್ಟು ಅಂತ ನೀವೇ ಯೋಚಿಸಿ.

ಗುಂಡಿಯ ಲೆಕ್ಕ

ಖಾತ್ರಿಯಲ್ಲಿ ಮಣ್ಣಿನ ಕೆಲಸ ಜಾಸ್ತಿ: ಹೊಲದ ಬದು, ಕೆರೆ ಹೂಳು, ನಾಲಾ. ಬೆಳಿಗ್ಗೆ ಹೋಗಿ ಸಂಜೆ ಬಂದ್ರೆ 370 ರೂಪಾಯಿ ಗ್ಯಾರಂಟಿ ಅಂತ ತಿಳ್ಕೋಬೇಡಿ. ತೋಡಿದ ಮಣ್ಣನ್ನು ಅಳೀತಾರೆ, ಉದ್ದ ಅಗಲ ಆಳ ಎಂಬಿ ಪುಸ್ತಕಕ್ಕೆ ಏರುತ್ತೆ. ಒಬ್ಬರ ಒಂದು ದಿನದ ಕೆಲಸ ಇಷ್ಟು ಅಂತ ಒಂದು ಅಳತೆ ಇರುತ್ತೆ. ಅದನ್ನು Q ಅಂತ ಇಟ್ಕೊಳ್ಳಿ. Q ಮುಟ್ಟಿದ್ರೆ ಪೂರ್ತಿ ಕೂಲಿ, ಕಡಿಮೆ ಆದ್ರೆ ಅಷ್ಟಕ್ಕೆ ತಕ್ಕಂತೆ ಕೂಲಿನೂ ಕಡಿಮೆ.

ಹತ್ತು ಜನರ ಗುಂಪು, ಅದರಲ್ಲಿ ಮೂವರು ವಯಸ್ಸಾದವರು ಅನ್ಕೊಳ್ಳಿ. ಏಳು ಜನ ತಲಾ Q, ಮೂವರು ತಲಾ ಅರ್ಧ Q ತೋಡ್ತಾರೆ. ಒಟ್ಟು 8.5 Q. ಅಳೆಯುವಾಗ ಹತ್ತು ತಲೆ, ಹತ್ತು Q ಅಂತ ಹಿಡಿದ್ರೆ ಕೆಲಸ ಆಗಿದ್ದು ಶೇ 85 ಮಾತ್ರ. ಕೂಲಿ 314 ರೂಪಾಯಿ 50 ಪೈಸೆಗೆ ಇಳಿಯುತ್ತೆ. ಪ್ರತಿಯೊಬ್ಬರಿಗೂ ದಿನಕ್ಕೆ 55 ರೂಪಾಯಿ 50 ಪೈಸೆ ಖೋತಾ. ಇಪ್ಪತ್ತು ದಿನಕ್ಕೆ 1,110 ರೂಪಾಯಿ! ಅವರ ಮನೇಲೂ ಮಕ್ಕಳಿದ್ದಾರೆ. "ಅಜ್ಜಿ ಬ್ಯಾಡ" ಅನ್ನೋ ಮಾತು ಹುಟ್ಟೋದು ಇಲ್ಲಿಂದ.

ಆದ್ರೆ ಇದಕ್ಕೆ ಉತ್ತರ ನಿಯಮದಲ್ಲೇ ಇದೆ. ಕರ್ನಾಟಕದಲ್ಲಿ 60 ದಾಟಿದವರಿಗೆ, ಅಂಗವಿಕಲರಿಗೆ ಕೆಲಸದ ಪ್ರಮಾಣದಲ್ಲಿ ಶೇ 50 ರಿಯಾಯಿತಿ ಇದೆ. ಅವರ Q ಅಂದ್ರೆ ಅರ್ಧ Q. ಹಾಗೆ ಲೆಕ್ಕ ಹಾಕಿದ್ರೆ ಇದೇ ಗುಂಪು ತೋಡಬೇಕಾದದ್ದು 8.5 Q, ತೋಡಿದ್ದೂ 8.5 Q. ಹತ್ತೂ ಜನಕ್ಕೆ ಪೂರ್ತಿ 370. ಅಜ್ಜಿ ಯಾರಿಗೂ ಭಾರ ಅಲ್ಲ!

ಷರತ್ತು ಒಂದೇ: ಗುಂಪಿನಲ್ಲಿ 60 ದಾಟಿದವರು ಇಷ್ಟು ಜನ ಇದ್ದಾರೆ ಅನ್ನೋದು ಅಳತೆ ಬರೆಯುವಾಗ ಲೆಕ್ಕಕ್ಕೆ ಬರಬೇಕು. ಅಜ್ಜಿಗೂ ಗೊತ್ತಿರಲಿಲ್ಲ, ಗುಂಪಿನವರಿಗೂ ಗೊತ್ತಿರಲಿಲ್ಲ. ನನಗಂತೂ ಮೊದಲೇ ಗೊತ್ತಿರಲಿಲ್ಲ. ಗೊತ್ತಿಲ್ಲದ ರಿಯಾಯಿತಿ ಯಾರ ಕೈಗೂ ಸಿಗಲ್ಲ.

ಗುಂಡಿನೇ ತೋಡಬೇಕು ಅಂತನೂ ಇಲ್ಲ. ಕೆಲಸದ ಜಾಗದಲ್ಲಿ ನೀರು ಕೊಡೋದು, ಮಕ್ಕಳನ್ನು ನೋಡ್ಕೊಳ್ಳೋದು, ಗಿಡಗಳಿಗೆ ನೀರು ಹಾಕೋದು, ಇಂಥ ಹಗುರ ಕೆಲಸಗಳಿಗೂ ಖಾತ್ರಿಯಲ್ಲಿ ಜಾಗ ಇದೆ.

ಹೊಸದೇನಾದ್ರೂ ಕಲಿಯೋದಾದ್ರೆ?

ಇಲ್ಲಿ ನಮ್ಮ ದೇಶ ಸ್ವಲ್ಪ ಹಿಂದಿದೆ. ಹಳ್ಳಿ ಯುವಕರ ತರಬೇತಿ ಯೋಜನೆ ಡಿಡಿಯು-ಜಿಕೆವೈ ಮುಖ್ಯವಾಗಿ 15ರಿಂದ 35 ವರ್ಷದವರಿಗೆ. 2023ರ ಸೆಪ್ಟೆಂಬರ್ 17ಕ್ಕೆ ಶುರುವಾದ ಪಿಎಂ ವಿಶ್ವಕರ್ಮದಲ್ಲಿ ಮೇಲಿನ ವಯಸ್ಸಿನ ಮಿತಿ ಇಲ್ಲ. ದರ್ಜಿ, ಕುಂಬಾರ, ಗಾರೆ ಕೆಲಸ, ಬುಟ್ಟಿ ಹೆಣೆಯೋದು, ಹೂಮಾಲೆ ಕಟ್ಟೋದು ಸೇರಿ 18 ಕಸುಬುಗಳು. ತರಬೇತಿ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು. ಆದ್ರೆ ಆ ಕಸುಬನ್ನು ಈಗಾಗಲೇ ಮಾಡ್ತಿರಬೇಕು. ಜೀವನವಿಡೀ ಕೂಲಿ ಮಾಡಿದವರಿಗೆ ಈ ಬಾಗಿಲು ತೆರೆಯಲ್ಲ. 2021ರ ಅಕ್ಟೋಬರ್ 1ರಂದು ಕೇಂದ್ರ ಸರ್ಕಾರ 60 ದಾಟಿದವರಿಗೆ ಕೆಲಸ ಹುಡುಕಿಕೊಡೋ ಸೇಕ್ರೆಡ್ ಪೋರ್ಟಲ್ ಶುರು ಮಾಡ್ತು. ಒಳ್ಳೇದೇ, ಆದ್ರೆ ನಮ್ಮಜ್ಜಿ ಹತ್ರ ಇರೋದು ಬಟನ್ ಫೋನು.

ಅಮೆರಿಕದಲ್ಲಿ ಬೇರೆ ಥರ ಇದೆ. ಅಲ್ಲಿ 55 ದಾಟಿದ ಬಡವರಿಗಂತಲೇ ಒಂದು ಯೋಜನೆ: ಲೈಬ್ರರಿ, ಶಾಲೆ, ಸೇವಾ ಸಂಸ್ಥೆಗಳಲ್ಲಿ ವಾರಕ್ಕೆ ಸರಾಸರಿ 20 ಗಂಟೆ ಕೆಲಸ. ಕನಿಷ್ಠ ಕೂಲಿ ಸಿಗುತ್ತೆ, ಕೆಲಸ ಮಾಡ್ತಾ ಮಾಡ್ತಾನೇ ಕಲಿಕೆ. ಅರ್ಧ ದಿನದ ಕೆಲಸ ಅನ್ನೋ ಈ ಯೋಚನೆ ನಮ್ಮ ಅರ್ಧ Qಗೆ ಹತ್ತಿರನೇ ಇದೆ ಅಲ್ವಾ?

ನಾವೇನು ಮಾಡಬಹುದು?

ಊರಿಗೆ ಹೋದಾಗ ಮೂರು ಕೆಲಸ ಮಾಡಿ. ಅಜ್ಜ ಅಜ್ಜಿಯ ಹೆಸರು ಜಾಬ್ ಕಾರ್ಡಲ್ಲಿದೆಯಾ ನೋಡಿ. ಕೆಲಸ ಬೇಕು ಅಂತ ನಮೂನೆ 6 ತುಂಬಿ ಕೊಟ್ಟು, ತಾರೀಕು ಹಾಕಿದ ರಸೀದಿ ಇಸ್ಕೊಳ್ಳಿ. ಯಾಕಂದ್ರೆ ಕೇಳಿದ 15 ದಿನದಲ್ಲಿ ಕೆಲಸ ಕೊಡದಿದ್ರೆ ನಿರುದ್ಯೋಗ ಭತ್ಯೆ ಕೊಡಬೇಕು, ದಿನಗಳ ಎಣಿಕೆಗೆ ಆ ರಸೀದಿನೇ ಸಾಕ್ಷಿ. ಮೂರನೇದು, ಶೇ 50 ರಿಯಾಯಿತಿ ವಿಷಯ ಗುಂಪಿನ ಕಾಯಕ ಬಂಧುಗೆ ಹೇಳಿ.

ನಾನು ಅಜ್ಜಿ ಮನೆ ಕಟ್ಟೆ ಮೇಲೆ ಕೂತು, ಗುಂಪಿನ ಇಬ್ಬರಿಗೆ ಈ 8.5 Q ಲೆಕ್ಕವನ್ನು ಸುಣ್ಣದ ಕಡ್ಡಿಯಲ್ಲಿ ಬರೆದು ತೋರಿಸಿದೆ. ಒಬ್ಬರು ತುಂಬ ಹೊತ್ತು ನೋಡಿ, "ಇದನ್ನ ಮೊದ್ಲೇ ಯಾರಾದ್ರೂ ಹೇಳಿದ್ರೆ ನಾವ್ಯಾಕ ಬ್ಯಾಡ ಅಂತಿದ್ವಿ?" ಅಂದ್ರು.

ಅಜ್ಜಿ ಏನೂ ಹೇಳಲಿಲ್ಲ. ಒಳಗೆ ಹೋಗಿ ಬುತ್ತಿ ಡಬ್ಬಿ ತೊಳೆದಿಟ್ರು.