ಹುಟ್ಟಿಲ್ಲದ ಸವಾರಿ

ಲಾರಿ ಟ್ಯೂಬಿಗೆ ಗಾಳಿ ತುಂಬಿ ಹೊಳೆಗೆ ಬಿಟ್ಟು, ನಡುವಿನ ತೂತಿನಲ್ಲಿ ಕುಳಿತು ಕಾಲು ಚಾಚಿದರೆ ಟ್ಯೂಬಿಂಗ್ ಶುರು. ರಾಫ್ಟಿಂಗಿಗೆ ಧೈರ್ಯ ಸಾಲದೆ ದಡದಲ್ಲಿ ಚಪ್ಪಲಿ ಕಾಯುತ್ತ ಕೂರುವವರಿಗೆ ಹೇಳಿ ಮಾಡಿಸಿದ ಆಟ. ದಾಂಡೇಲಿ ಕಡೆ ಹೋದವರು ಇದನ್ನು ಗಣೇಶಗುಡಿಯ ಬಳಿ ಕಾಳಿ ನದಿಯಲ್ಲಿ ಆಡಬಹುದು.

ಇಲ್ಲಿಯ ಹೊಳೆ ಮಳೆಗಿಂತ ಹೆಚ್ಚಾಗಿ ಕರೆಂಟಿನ ಮಾತು ಕೇಳುತ್ತದೆ. ಮೇಲೆ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು, ಅದರ ಬುಡದಲ್ಲಿ ತಲಾ 50 ಮೆಗಾವಾಟಿನ ಎರಡು ವಿದ್ಯುತ್ ಯಂತ್ರಗಳು. ಅವು ತಿರುಗಿದಾಗ ಹೊಳೆ ಏರುತ್ತದೆ, ನಿಂತಾಗ ಇಳಿಯುತ್ತದೆ. ಕೊಡಗಿನ ಬರಪೊಳೆಯ ರಾಫ್ಟಿಂಗ್ ಮಳೆಗಾಲದೊಂದಿಗೆ ಮುಗಿದರೆ, ಕಾಳಿಯಲ್ಲಿ ಬೇಸಗೆಯಲ್ಲೂ ತೇಲಲು ಸಾಧ್ಯವಾಗುವುದು ಇದರಿಂದಲೇ. ಹೋಮ್‌ಸ್ಟೇಯಲ್ಲಿ ಊಟಕ್ಕೇನು ಎಂದು ವಿಚಾರಿಸುವ ಮೊದಲು ‘ನೀರು ಯಾವಾಗ ಬಿಡ್ತಾರೆ?’ ಎಂದು ಕೇಳಿಕೊಳ್ಳಿ.

ಕೂರುವ ಮುನ್ನ ಟ್ಯೂಬಿಗೆ ನೀರು ಎರಚಿ. ಬಿಸಿಲಿಗೆ ಕಾದ ಕಪ್ಪು ರಬ್ಬರು ತೊಡೆ ಸುಡುತ್ತದೆ. ಗಾಳಿ ತುಂಬುವ ಲೋಹದ ವಾಲ್ವು ಬೆನ್ನು ಗೀರದಂತೆ ತಿರುಗಿಸಿಡಿ. ಲೈಫ್ ಜಾಕೆಟ್ಟನ್ನು ಭುಜದ ಬಳಿ ಹಿಡಿದು ಎತ್ತಿದಾಗ ಅದು ಕಿವಿಯವರೆಗೆ ಬಂದರೆ ಪಟ್ಟಿ ಇನ್ನೂ ಬಿಗಿಯಾಗಬೇಕು. ಈಜು ಬಾರದಿದ್ದರೆ ಗೈಡ್‌ಗೆ ಮೊದಲೇ ಹೇಳಿ, ಇದರಲ್ಲಿ ನಾಚಿಕೆಯೇನು?

ಹುಟ್ಟಿಲ್ಲದ್ದರಿಂದ ದಿಕ್ಕು ಬದಲಿಸಲು ಇರುವುದು ಎರಡು ಅಂಗೈ ಮಾತ್ರ. ನೀರಿಗೆ ಬಾಗಿದ ಕೊಂಬೆ ದೂರದಲ್ಲಿ ಕಂಡಾಗಲೇ ಕೈ ಬೀಸಲು ತೊಡಗಬೇಕು. ನೀರು ಕೊಂಬೆಗಳ ನಡುವೆ ನುಸುಳಿಹೋಗುತ್ತದೆ, ಮನುಷ್ಯ ಸಿಕ್ಕಿಬೀಳುತ್ತಾನೆ. ಟ್ಯೂಬು ಮಗುಚಿದರೆ ಸೆಳೆತದಲ್ಲಿ ಎದ್ದು ನಿಲ್ಲುವ ಗೋಜಿಗೆ ಹೋಗಬೇಡಿ. ಪಾದ ಕಲ್ಲುಸಂದಿಗೆ ಸಿಕ್ಕಿತೆಂದರೆ ಮೊಣಕಾಲುದ್ದದ ನೀರೂ ಮೈಯನ್ನು ಮಗುಚಿ ಮುಳುಗಿಸಬಲ್ಲದು. ಅಂಗಾತ ಮಲಗಿ, ಹರಿವಿನ ಕಡೆ ಕಾಲು ಮಾಡಿ, ಕಾಲ್ಬೆರಳು ನೀರಿನ ಮೇಲೆ ಕಾಣುವಂತೆ ತೇಲಿ. ಹಿಂದಿನಿಂದ ಹಗ್ಗವೋ ದೋಣಿಯೋ ಬರುತ್ತದೆ.

ಟ್ಯೂಬಿಂಗಿಗೆ ಜಗತ್ತಿನಾದ್ಯಂತ ಹೆಸರು ತಂದದ್ದು ಲಾವೋಸ್ ದೇಶದ ವಾಂಗ್ ವಿಯೆಂಗ್. ಅಲ್ಲಿ ನಾಮ್ ಸೋಂಗ್ ನದಿಯ ದಡದುದ್ದಕ್ಕೂ ಬಾರ್‌ಗಳೆದ್ದವು. ಕುಡಿದು ತೇಲುವುದು, ಹಗ್ಗಕ್ಕೆ ಜೋತುಬಿದ್ದು ಬಂಡೆಗಳಿರುವ ನೀರಿಗೆ ಹಾರುವುದು ರೂಢಿಯಾಯಿತು. 2011ರಲ್ಲಿ ಆ ಪುಟ್ಟ ಊರಿನಲ್ಲಿ ಕನಿಷ್ಠ 27 ಪ್ರವಾಸಿಗರು ಸತ್ತ ವರದಿಯಾಯಿತು. ಮರುವರ್ಷ ಸರ್ಕಾರ ಬಾರ್‌ಗಳನ್ನು ಮುಚ್ಚಿಸಿತು. ನದಿಯೂ ಟ್ಯೂಬೂ ಅವೇ, ಪ್ರವಾಸಿಗರು ಇಂದಿಗೂ ಅಲ್ಲಿ ತೇಲುತ್ತಾರೆ. ನಮ್ಮಲ್ಲಿ ‘ಒಂದೇ ಒಂದು ಬಿಯರ್’ ಎನ್ನುವ ಗೆಳೆಯರಿಗೆ ಈ ಕತೆ ಹೇಳಿ.

ಇನ್ನೊಂದು ಮಾತು. ಕೆಳಗೆ ದಾಂಡೇಲಿ ಪಟ್ಟಣದ ಆಸುಪಾಸಿನ ಕಾಳಿಯಲ್ಲಿ ಮೊಸಳೆಗಳಿವೆ. ಪಂಕ್ಚರ್ ಅಂಗಡಿಯಿಂದ ಟ್ಯೂಬು ತಂದು ಕಂಡಲ್ಲಿ ಹೊಳೆಗಿಳಿಯಲು ಹೊರಟವರು ದಡದಲ್ಲಿ ಬಟ್ಟೆ ಒಗೆಯುವವರನ್ನೊಮ್ಮೆ ಕೇಳಿ ನೋಡಲಿ.